ಕೈ ನೋವು ವಾಸಿನೇ ಆಗ್ತಿಲ್ವಾ? ನರ ಎಲ್ಲಿ ಒತ್ಕೊಂಡಿದೆ ಅಂತ ಕತ್ತಿಂದ ಬೆರಳ ತುದಿ ತನಕ ಹುಡುಕೋದು ಹೇಗೆ

ನಮ್ಮಕ್ಕಂಗೆ ಎರಡು ವರ್ಷ ಬಲಗೈ ನೋವಿತ್ತು. ಹನುಮಂತನಗರದಲ್ಲಿ ಮನೇಲೇ ಬ್ಲೌಸ್ ಹೊಲೀತಾಳೆ, ವರಮಹಾಲಕ್ಷ್ಮಿ ಹಬ್ಬ ಹತ್ರ ಬಂತು ಅಂದ್ರೆ ರಾತ್ರಿ ಹನ್ನೊಂದರ ತನಕ ಮಷೀನ್ ಸದ್ದು ನಿಲ್ಲಲ್ಲ, ಹಾಗಾಗಿ ನೋವು ಶುರುವಾದಾಗ ಎಲ್ರದ್ದೂ ಒಂದೇ ಮಾತು, ಬಗ್ಗಿ ಬಗ್ಗಿ ಕತ್ತಿನ ನರ ಒತ್ಕೊಂಡಿದೆ ಅಂತ. ಕತ್ತಿಗೆ ಎಂಆರ್‌ಐ ಮಾಡ್ಸಿದ್ವಿ, ಮೂಳೆಗಳ ನಡುವಿನ ಮೆತ್ತೆ, ಅಂದ್ರೆ ಡಿಸ್ಕ್, ಸ್ವಲ್ಪ ಉಬ್ಬಿದೆ ಅಂತ ರಿಪೋರ್ಟ್ ಬಂತು, ಕಾಲರ್ ಹಾಕ್ಕೊಂಡ್ಲು, ಕತ್ತು ಮೆಲ್ಲಗೆ ಎಳೆಯೋ ಟ್ರಾಕ್ಷನ್ ತಗೊಂಡ್ಲು, ಏನೂ ಆಗ್ಲಿಲ್ಲ. ಆಮೇಲೆ ಇನ್ನೊಂದು ಕಡೆ ತೋರ್ಸಿದಾಗ ಇದು ಮಣಿಕಟ್ಟಿನ ನರ, ಕಾರ್ಪಲ್ ಟನಲ್ ಅಂದ್ರು, ರಾತ್ರಿ ಪಟ್ಟಿ ಕಟ್ಕೊಂಡು ಮಲಗಿದ್ಲು, ಅದ್ರಿಂದಾನೂ ಆಗ್ಲಿಲ್ಲ. ಯಾರೋ ಹೇಳಿದ್ರು ಅಂತ ಎಣ್ಣೆ ಹಚ್ಚಿ ನೀವೋರ ಹತ್ರ ಕರ್ಕೊಂಡ್ ಹೋದ್ವಿ, ಅವ್ರು ರಟ್ಟೆ ಹಿಡ್ದು ಒತ್ತಿದ್ದಕ್ಕೆ ಆ ರಾತ್ರಿ ಪೂರ್ತಿ ಕೂತೇ ಕಳೆದ್ಲು.

ಕೊನೆಗೆ ಕಂಡು ಹಿಡ್ದಿದ್ದು ಅಕ್ಕನೇ. ಮೊಣಕೈ ತನಕ ಬರೋ ತೋಳಿನ ಬ್ಲೌಸ್ ತನಗೇ ಹೊಲ್ಕೊಳ್ಳೋಕೆ ಟೇಪ್ ಸುತ್ತಿ ಸುತ್ತಳತೆ ತಗೋತಿದ್ಲು, ಮೊಣಕೈಯಿಂದ ಎರಡು ಇಂಚು ಮೇಲೆ, ಒಳಭಾಗದಲ್ಲಿ, ಟೇಪಿನ ಅಂಚು ಒಂದು ಜಾಗದಲ್ಲಿ ಒತ್ತಿದ ತಕ್ಷಣ ಹೆಬ್ಬೆರಳು ತೋರುಬೆರಳು ನಡುಬೆರಳು ಮೂರಕ್ಕೂ ಕರೆಂಟ್ ಹೊಡ್ದಂಗಾಗಿ ಕತ್ರಿ ಕೆಳಗೆ ಬಿತ್ತು. ಮುಟ್ಟಿ ನೋಡಿದ್ರೆ ಒಳಗೆ ಅಡಿಕೆ ಗಾತ್ರದ ಗಂಟು. ಎರಡು ವರ್ಷದಲ್ಲಿ ಅವಳ ರಟ್ಟೆನ ಯಾರೂ ಬೆರಳಿಟ್ಟು ಹುಡುಕಿರ್ಲಿಲ್ಲ, ನಾವೂ ಹುಡುಕಿರ್ಲಿಲ್ಲ. ಅದು ಶ್ವಾನೋಮಾ, ನರದ ಹೊದಿಕೆಯಲ್ಲೇ ಬೆಳೆಯೋ ಗಡ್ಡೆ, ಅಪರೂಪದ್ದು, ಕ್ಯಾನ್ಸರ್ ಅಲ್ಲ. ನಾನು ಡಾಕ್ಟರ್ ಅಲ್ಲ, ಅಕ್ಕನ ಜೊತೆ ಆಸ್ಪತ್ರೆ ಅಲೆದು, ಡಾಕ್ಟರ್‌ಗಳ ಹತ್ರ ಕೇಳಿ ಕೇಳಿ, ಓದಿ ತಿಳ್ಕೊಂಡಿದ್ದನ್ನ ಬರೀತಿದೀನಿ, ನಮಗೆ ಹೋದ ಎರಡು ವರ್ಷ ಬೇರೆಯವರಿಗೆ ಹೋಗ್ಬಾರ್ದು ಅಂತ.

ಮೊದ್ಲೇ ಒಂದು ಮಾತು ಹೇಳ್ಬಿಡ್ತೀನಿ, ಗಾಬರಿ ಬೀಳ್ಬೇಡಿ. ಕೈ ನೋವು, ಜೋಮು, ಚಳುಕು ಅಂತ ಬರೋರಲ್ಲಿ ಬಹಳಷ್ಟು ಜನಕ್ಕೆ ಕತ್ತಿನ ಡಿಸ್ಕ್, ಮಣಿಕಟ್ಟಿನ ಕಾರ್ಪಲ್ ಟನಲ್, ಮೊಣಕೈ ಹತ್ರ ನರ ಒತ್ಕೊಳ್ಳೋದು, ಇಲ್ಲಾ ಹೆಗಲು ಜಾಮ್ ಆಗಿರೋದು, ಇವೇ ಕಾರಣ, ಮದ್ದು ವ್ಯಾಯಾಮದಲ್ಲಿ ಸುಮಾರು ಜನಕ್ಕೆ ಕಮ್ಮಿ ಆಗುತ್ತೆ. ಆದ್ರೆ ಸರಿಯಾಗಿ ಆರು ವಾರ ಟ್ರೀಟ್‌ಮೆಂಟ್ ಮಾಡಿದ್ಮೇಲೂ ಒಂಚೂರೂ ಕಮ್ಮಿ ಆಗಿಲ್ಲ, ಇಲ್ಲಾ ಜಾಸ್ತಿನೇ ಆಗ್ತಿದೆ ಅಂದ್ರೆ ಅದೇ ಮಾತ್ರೆ ರಿಪೀಟ್ ಮಾಡ್ಸೋ ಬದಲು ಒಂದು ಪ್ರಶ್ನೆ ಕೇಳ್ಬೇಕು: ನರ ನಿಜವಾಗ್ಲೂ ಎಲ್ಲಿ ಒತ್ಕೊಂಡಿದೆ? ನರ ಅನ್ನೋದು ಕತ್ತಿಂದ ಹೊರಟು ಕಾಲರ್ ಬೋನ್ ಕೆಳಗೆ ನುಸುಳಿ ಕಂಕುಳು ದಾಟಿ ರಟ್ಟೆ, ಮೊಣಕೈ, ಮುಂಗೈ, ಮಣಿಕಟ್ಟು ಅಂತ ಉದ್ದಕ್ಕೆ ಹೋಗೋ ವೈರ್ ಇದ್ದಂಗೆ, ನಡುವೆ ಎಲ್ಲಿ ಒತ್ತಿದ್ರೂ ಗೊತ್ತಾಗೋದು ಬೆರಳಲ್ಲಿ. ನೋವಿರೋ ಜಾಗ ಬೇರೆ, ಕಾರಣ ಇರೋ ಜಾಗ ಬೇರೆ. ನಲವತ್ತು ದಾಟಿದ ಬಹಳ ಜನಕ್ಕೆ ನೋವೇ ಇಲ್ದಿದ್ರೂ ಕತ್ತಿನ ಎಂಆರ್‌ಐನಲ್ಲಿ ಡಿಸ್ಕ್ ಉಬ್ಬಿರೋದು ಕಾಣುತ್ತೆ, ಅದು ಕಂಡ ತಕ್ಷಣ ಹುಡುಕಾಟ ಅಲ್ಲಿಗೇ ನಿಂತುಬಿಡುತ್ತೆ, ನಮ್ಮಲ್ಲಿ ಆಗಿದ್ದು ಅದೇ.

ಈಗ ಮನೇಲಿ ಮಾಡೋ ಕೆಲಸ. ಒಂದು ಹಾಳೆ ಮೇಲೆ ನಿಮ್ಮ ಕೈ ಇಟ್ಟು ಸುತ್ತ ಗೆರೆ ಎಳೀರಿ, ಅಂಗೈ ಕಡೆ ಒಂದು, ಹಿಂಗೈ ಕಡೆ ಒಂದು, ಸ್ವಲ್ಪ ಹತ್ತಿ ತಗೊಂಡು ಎರಡೂ ಕೈ ಮೇಲೆ ಸವರಿ ಎಲ್ಲೆಲ್ಲಿ ಮರಗಟ್ಟಿದೆಯೋ ಅಲ್ಲಿ ಪೆನ್ಸಿಲಲ್ಲಿ ತುಂಬಿ. ಇದಕ್ಕೆ ಹತ್ತು ನಿಮಿಷ ಸಾಕು, ಆದ್ರೆ ಡಾಕ್ಟರ್‌ಗೆ ಇದರಿಂದ ಆಗೋ ಉಪಯೋಗ ಬಹಳ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರದ ಬೆರಳಿನ ಅರ್ಧ ಆದ್ರೆ ಅದು ಮೀಡಿಯನ್ ನರ. ಕಿರುಬೆರಳು ಮತ್ತೆ ಉಂಗುರದ ಬೆರಳಿನ ಇನ್ನರ್ಧ ಆದ್ರೆ ಅಲ್ನಾರ್ ನರ, ಮೊಣಕೈ ಗೋಡೆಗೆ ತಗುಲಿದಾಗ ಜುಂ ಅನ್ಸುತ್ತಲ್ಲ ಅದೇ. ಹಿಂಗೈಯಲ್ಲಿ ಹೆಬ್ಬೆರಳ ಬುಡ ಮರಗಟ್ಟಿ, ಮಣಿಕಟ್ಟು ಮೇಲಕ್ಕೆ ಎತ್ತೋಕಾಗ್ತಿಲ್ಲ ಅಂದ್ರೆ ರೇಡಿಯಲ್ ನರ.

ಇಲ್ಲಿ ಸ್ವಲ್ಪ ಸೂಕ್ಷ್ಮ ಇದೆ, ನನಗೆ ಇದನ್ನ ಯಾರಾದ್ರೂ ಮೊದ್ಲೇ ಹೇಳಿದ್ರೆ ಎಷ್ಟು ಚೆನ್ನಾಗಿತ್ತು ಅನ್ಸುತ್ತೆ. ಕಾರ್ಪಲ್ ಟನಲ್‌ನಲ್ಲಿ ಬೆರಳು ಮರಗಟ್ಟಿದ್ರೂ ಅಂಗೈಯಲ್ಲಿ ಹೆಬ್ಬೆರಳ ಬುಡದ ದಪ್ಪ ಮಾಂಸ ಇರುತ್ತಲ್ಲ, ಆ ಜಾಗದ ಸ್ಪರ್ಶ ಸಾಮಾನ್ಯವಾಗಿ ಚೆನ್ನಾಗೇ ಇರುತ್ತೆ, ಯಾಕಂದ್ರೆ ಅಲ್ಲಿಗೆ ಹೋಗೋ ಕವಲು ಮಣಿಕಟ್ಟಿನ ಆ ಇಕ್ಕಟ್ಟಿಗೆ ಬರೋಕೆ ಮುಂಚೆನೇ ಬೇರೆಯಾಗಿರುತ್ತೆ. ಆ ಜಾಗಾನೂ ಮರಗಟ್ಟಿದೆ ಅಂದ್ರೆ ತೊಂದ್ರೆ ಮಣಿಕಟ್ಟಿಗಿಂತ ಮೇಲೆ ಇರ್ಬಹುದು. ನಮ್ಮಕ್ಕಂಗೆ ಆ ಜಾಗ ಪೂರ್ತಿ ಮಂಕಾಗಿತ್ತು, ಯಾರೂ ಕೇಳ್ಲಿಲ್ಲ, ಅವಳೂ ಹೇಳ್ಲಿಲ್ಲ. ಹಾಗೇ ಅಲ್ನಾರ್ ನರದ ಮರಗಟ್ಟುವಿಕೆ ಹೆಚ್ಚು ಕಮ್ಮಿ ಮಣಿಕಟ್ಟಿಗೆ ನಿಲ್ಲುತ್ತೆ, ಅದು ಬಿಟ್ಟು ಕಿರುಬೆರಳಿಂದ ಶುರುವಾಗಿ ಮುಂಗೈ ಒಳಬದಿ ಮೊಣಕೈ ತನಕ ಮರಗಟ್ಟಿದೆ ಅಂದ್ರೆ ಕಾರಣ ಮೊಣಕೈಯಲ್ಲಿ ಅಲ್ಲ, ಇನ್ನೂ ಮೇಲೆ, ಕಂಕುಳು, ಕಾಲರ್ ಬೋನ್ ಸುತ್ತಮುತ್ತ ಇಲ್ಲಾ ಕತ್ತಿನ ಬುಡದಲ್ಲಿ ಹುಡುಕ್ಬೇಕು. ಕತ್ತು ತಿರುಗಿಸಿದಾಗ ನೋವು ಕೈಗೆ ಇಳಿಯುತ್ತೆ, ಕೈನ ತಲೆ ಮೇಲೆ ಇಟ್ಕೊಂಡ್ರೆ ಹಾಯ್ ಅನ್ಸುತ್ತೆ ಅಂದ್ರೆ ಕತ್ತಿನದೇ ಇರೋ ಸಾಧ್ಯತೆ ಜಾಸ್ತಿ.

ಆಮೇಲೆ ಕೈ ಉದ್ದಕ್ಕೂ ಮುಟ್ಟಿ ನೋಡೋದು. ಸ್ನಾನ ಮಾಡುವಾಗ ಸೋಪು ಹಚ್ಚಿರೋ ಕೈಯಲ್ಲಿ ಮಾಡಿದ್ರೆ ಬೆರಳು ಸಲೀಸಾಗಿ ಜಾರುತ್ತೆ, ಚಿಕ್ಕ ಗಂಟೂ ಸಿಗುತ್ತೆ. ಕಾಲರ್ ಬೋನ್ ಮೇಲಿನ ಗುಳಿಯಿಂದ ಶುರು ಮಾಡಿ ಕಂಕುಳು, ರಟ್ಟೆ ಒಳಬದಿ, ಮೊಣಕೈ ಮುಂದೆ ಹಿಂದೆ, ಮುಂಗೈ, ಮಣಿಕಟ್ಟು ತನಕ ಬನ್ನಿ, ಇನ್ನೊಂದು ಕೈ ಜೊತೆ ಹೋಲ್ಸಿ. ಮೆತ್ತಗೆ, ನೀವೋ ಹಂಗೆ ಅಲ್ಲ. ಗಂಟು ಸಿಕ್ಕಿ ಅದನ್ನ ಹಗುರಾಗಿ ತಟ್ಟಿದ್ರೆ ಬೆರಳಿಗೆ ಕರೆಂಟ್ ಹೊಡ್ದಂಗಾಗುತ್ತೆ ಅಂದ್ರೆ ಅದು ನರಕ್ಕೆ ಅಂಟಿರೋ ಗಂಟು ಅನ್ನೋದಕ್ಕೆ ದೊಡ್ಡ ಸುಳಿವು. ಅಕ್ಕನ್ನ ಕೊನೆಗೆ ನೋಡಿದ ಸರ್ಜನ್ ಗಂಟನ್ನ ಎರಡು ಬೆರಳಲ್ಲಿ ಹಿಡ್ದು ಎಡಕ್ಕೆ ಬಲಕ್ಕೆ ಸರಿಸಿದ್ರು, ಸರೀತು, ಮೇಲೆ ಕೆಳಗೆ ಸರಿಸೋಕೆ ನೋಡಿದ್ರು, ಅಲ್ಲಾಡ್ಲಿಲ್ಲ. ಅಕ್ಕ ತಕ್ಷಣ ಅಂದ್ಲು, "ದಾರದಲ್ಲಿ ಗಂಟು ಬಿದ್ರೆ ಹಂಗೇ ಸಾರ್, ಪಕ್ಕಕ್ಕೆ ಆಡುತ್ತೆ, ದಾರದ ಉದ್ದಕ್ಕೆ ಓಡಲ್ಲ." ಅವ್ರು, "ಹೌದಮ್ಮ, ಕರೆಕ್ಟಾಗಿ ಹೇಳಿದ್ರಿ, ನರದ ಗಂಟು ಗುರುತು ಹಿಡಿಯೋದು ಹೀಗೇನೇ" ಅಂದ್ರು. ಆದ್ರೆ ಮನೇಲಿ ಇದನ್ನ ಪದೇ ಪದೇ ಮಾಡ್ತಾ ಕೂರ್ಬೇಡಿ, ಒಂದ್ಸಲ ಗೊತ್ತಾದ್ರೆ ಸಾಕು.

ಎಲ್ಲಾ ಗಂಟೂ ಒಂದೇ ಅಲ್ಲ. ಶ್ವಾನೋಮಾ ನಿಧಾನಕ್ಕೆ ವರ್ಷಗಟ್ಲೆ ಬೆಳೆಯುತ್ತೆ, ನರದ ಎಳೆಗಳನ್ನ ಪಕ್ಕಕ್ಕೆ ತಳ್ಳಿ ಬೆಳೆಯೋದ್ರಿಂದ ಬಹಳ ಸಲ ನರ ಉಳಿಸ್ಕೊಂಡು ಗಡ್ಡೆ ಮಾತ್ರ ಬಿಡಿಸಿ ತೆಗೀಬಹುದು. ನ್ಯೂರೋಫೈಬ್ರೋಮಾ ಅಂತ ಇನ್ನೊಂದು, ಅದ್ರಲ್ಲಿ ಎಳೆಗಳು ಗಡ್ಡೆ ಒಳಗೇ ಹೆಣ್ಕೊಂಡಿರುತ್ತೆ, ಬಿಡಿಸೋದು ಕಷ್ಟ. ಮೈಮೇಲೆ ಕಾಫಿ ಬಣ್ಣದ ಮಚ್ಚೆ ಆರು ಇಲ್ಲಾ ಅದಕ್ಕಿಂತ ಜಾಸ್ತಿ ಇದ್ದು, ಅಲ್ಲಲ್ಲಿ ಮೆತ್ತನೆ ಗಂಟುಗಳೂ ಇದ್ರೆ, ಮನೇಲಿ ಬೇರೆಯವರಿಗೂ ಇದ್ರೆ, ಅದನ್ನ ಡಾಕ್ಟರ್‌ಗೆ ತಪ್ಪದೇ ಹೇಳಿ, ಅದು ವಂಶದಲ್ಲಿ ಬರೋ ಕಾಯಿಲೆ ಇರ್ಬಹುದು ಮತ್ತೆ ಅಂಥವರಲ್ಲಿ ಗಡ್ಡೆ ಕೆಟ್ಟದ್ದಕ್ಕೆ ತಿರುಗೋ ಅಪಾಯ ಬೇರೆಯವರಿಗಿಂತ ಜಾಸ್ತಿ. ಬರೀ ಕೊಬ್ಬಿನ ಗಂಟು ಕೂಡ ಮೊಣಕೈ ಕೆಳಗೆ ಆಳದಲ್ಲಿ ಬೆಳೆದ್ರೆ ಬೆರಳು ನೆಟ್ಟಗೆ ಮಾಡೋ ನರ ಒತ್ತುತ್ತೆ, ಆಗ ಮರಗಟ್ಟೋದೇ ಇಲ್ಲ, ಬೆರಳು ಮಾತ್ರ ಮೇಲಕ್ಕೆ ಏಳಲ್ಲ. ಉಗುರಿನ ಕೆಳಗೆ ಬರೋ ಗ್ಲೋಮಸ್ ಅನ್ನೋ ಪುಟ್ಟ ಗಡ್ಡೆ ಇದೆ, ನರ ಒತ್ತೋ ಜಾತಿಗೆ ಸೇರಲ್ಲ ಆದ್ರೂ ಇಲ್ಲೇ ಹೇಳ್ತೀನಿ: ಫ್ರಿಜ್ ನೀರು ಮುಟ್ಟಿದ್ರೆ ಜೀವ ಹೋಗೋ ನೋವು, ಪೆನ್ನಿನ ತುದಿ ಇಟ್ರೆ ಒಂದೇ ಚುಕ್ಕೆಯಲ್ಲಿ ನೋವು, ಪಕ್ಕದಲ್ಲಿ ಏನೂ ಇಲ್ಲ. ಹೊರಗೆ ಏನೂ ಕಾಣದೇ ಇರೋದ್ರಿಂದ ಇಂಥವರಿಗೆ ಮನಸ್ಸಿಂದು ಅಂತ ಹೇಳಿ ಕಳ್ಸಿರೋದೂ ಇದೆ, ನಂಬ್ಕೊಂಡು ಸುಮ್ನೆ ಇರ್ಬೇಡಿ.

ಒಂದನ್ನ ಮಾತ್ರ ಬೇರೆಯಾಗಿ, ಒತ್ತಿ ಹೇಳ್ಬೇಕು. ಶ್ವಾಸಕೋಶದ ತೀರಾ ತುದಿಯಲ್ಲಿ ಬರೋ ಕ್ಯಾನ್ಸರ್, ಪ್ಯಾನ್‌ಕೋಸ್ಟ್ ಟ್ಯೂಮರ್ ಅಂತಾರೆ, 1932ರಲ್ಲಿ ಹೆನ್ರಿ ಪ್ಯಾನ್‌ಕೋಸ್ಟ್ ಅನ್ನೋ ಅಮೆರಿಕದ ರೇಡಿಯಾಲಜಿ ಡಾಕ್ಟರ್ ವಿವರವಾಗಿ ಬರೆದಿದ್ರಿಂದ ಆ ಹೆಸರು. ಇದ್ರಲ್ಲಿ ಶುರುವಲ್ಲಿ ಬಹಳ ಸಲ ಕೆಮ್ಮೂ ಇರಲ್ಲ, ಉಬ್ಬಸಾನೂ ಇರಲ್ಲ, ಬರೋದು ಹೆಗಲು ನೋವು, ಬೆನ್ನಲ್ಲಿ ರೆಕ್ಕೆ ಮೂಳೆ ಒಳಗಡೆ ನೋವು, ಅಲ್ಲಿಂದ ರಟ್ಟೆ ಒಳಬದಿಯಿಂದ ಕಿರುಬೆರಳು ತನಕ ಇಳಿಯೋ ನೋವು, ಜನ ತಿಂಗಳುಗಟ್ಲೆ ಹೆಗಲಿಗೆ ಶಾಖ ಕೊಡ್ತಾ ಇರ್ತಾರೆ. ಬೀಡಿ ಸಿಗರೇಟ್ ಸೇದೋರು, ಹಿಂದೆ ಸೇದಿ ಬಿಟ್ಟೋರು, ಇಂಥ ನೋವು ಇದ್ರೆ ಕನ್ನಡಿ ಮುಂದೆ ನಿಂತು ಕಣ್ಣು ನೋಡ್ಕೊಳ್ಳಿ. ನೋವಿರೋ ಕಡೆ ರೆಪ್ಪೆ ಸ್ವಲ್ಪ ಇಳಿದಿದ್ಯಾ, ಆ ಕಣ್ಣಿನ ಪಾಪೆ ಇನ್ನೊಂದಕ್ಕಿಂತ ಚಿಕ್ಕದಾಗಿದ್ಯಾ, ಮುಖದ ಆ ಅರ್ಧ ಬೆವರ್ತಿಲ್ವಾ. ಇದ್ರೆ ನಾಳೆ ನಾಡಿದ್ದು ಅನ್ಬೇಡಿ. ಎದೆ ಎಕ್ಸ್‌ರೇಲಿ ಆ ಮೂಲೆ ಪಕ್ಕೆಲುಬು, ಕಾಲರ್ ಬೋನ್ ಹಿಂದೆ ಮುಚ್ಚಿಹೋಗೋದ್ರಿಂದ ಎಕ್ಸ್‌ರೇ ಸರಿ ಇದ್ರೂ ಅನುಮಾನ ಇದ್ರೆ ಸಿಟಿ ಸ್ಕ್ಯಾನ್ ಬೇಕಾ ಅಂತ ಬಾಯಿಬಿಟ್ಟು ಕೇಳಿ. ಸ್ತನ ಕ್ಯಾನ್ಸರ್‌ಗೆ ಹಿಂದೆ ಟ್ರೀಟ್‌ಮೆಂಟ್ ಆಗಿ ಈಗ ಅದೇ ಕಡೆ ಕೈಗೆ ಹೊಸದಾಗಿ ನೋವು, ಶಕ್ತಿ ಕಮ್ಮಿ ಆಗೋದು ಶುರುವಾದ್ರೆ, ಎಷ್ಟೇ ವರ್ಷ ಆಗಿರ್ಲಿ, ಮೊದ್ಲು ನೋಡಿದ ಕ್ಯಾನ್ಸರ್ ಡಾಕ್ಟರ್‌ಗೇ ವಾಪಸ್ ತೋರ್ಸಿ.

ಗಂಟು 5 ಸೆಂಟಿಮೀಟರ್‌ಗಿಂತ ದೊಡ್ಡದಿದ್ರೆ, ಅಂದ್ರೆ ಒಂದು ದಪ್ಪ ನಿಂಬೆಹಣ್ಣಿನಷ್ಟು, ಇಲ್ಲಾ ಕೆಲವೇ ತಿಂಗಳಲ್ಲಿ ಬೆಳೆದಿದ್ರೆ, ಸುಮ್ನೆ ಮಲಗಿದ್ದಾಗ್ಲೂ ರಾತ್ರಿ ನೋವು ಎಬ್ಬಿಸಿದ್ರೆ, ಕೈಯಿಂದ ಲೋಟ ಜಾರ್ತಿದ್ರೆ, ಹೆಬ್ಬೆರಳ ಬುಡದ ಮಾಂಸ ಇಳಿದು ಗುಳಿ ಬಿದ್ದಿದ್ರೆ, ಕಾರಣ ಇಲ್ದೆ ತೂಕ ಇಳೀತಿದ್ರೆ ಆರು ವಾರದ ಲೆಕ್ಕ ಬಿಟ್ಬಿಡಿ, ಆ ವಾರಾನೇ ಹೋಗಿ.

ಡಾಕ್ಟರ್ ಹತ್ರ ಹೋಗುವಾಗ ಸಡಿಲ ತೋಳಿನ ಬಟ್ಟೆ ಹಾಕ್ಕೊಂಡು ಹೋಗಿ, ಇದು ಸಣ್ಣ ವಿಷ್ಯ ಅನ್ಸುತ್ತೆ ಆದ್ರೆ ನಮ್ಮಕ್ಕ ಪ್ರತಿಸಲ ಬಿಗಿ ತೋಳಿನ ಬ್ಲೌಸ್ ಹಾಕ್ಕೊಂಡು ಹೋಗಿ ಯಾರೂ ರಟ್ಟೆ ನೋಡೋ ಹಂಗೇ ಇರ್ಲಿಲ್ಲ. ಗಂಟು ಇರೋ ಜಾಗಕ್ಕೆ ಪೆನ್ನಲ್ಲಿ ಗುರುತು ಹಾಕ್ಕೊಳ್ಳಿ. ಹಳೇ ಫಿಲ್ಮ್, ರಿಪೋರ್ಟ್, ತಗೊಂಡ ಮಾತ್ರೆಗಳ ಸ್ಟ್ರಿಪ್, ಆ ಕೈ ಚಿತ್ರದ ಹಾಳೆ, ಎಲ್ಲಾ ತಗೊಂಡು ಹೋಗಿ, "ತುಂಬಾ ನೋವು ಸಾರ್" ಅನ್ನೋದಕ್ಕಿಂತ "ಇಲ್ಲಿ ತಟ್ಟಿದ್ರೆ ಈ ಮೂರು ಬೆರಳಿಗೆ ಹೊಡೆಯುತ್ತೆ" ಅಂತ ಹೇಳಿ. ಹ್ಯಾಂಡ್ ಸರ್ಜನ್, ನರ ನೋಡೋ ಪ್ಲಾಸ್ಟಿಕ್ ಸರ್ಜನ್, ನ್ಯೂರೋಸರ್ಜನ್, ಇವ್ರು ಈ ಕೆಲಸ ಮಾಡೋರು.

ಟೆಸ್ಟ್ ವಿಷ್ಯಕ್ಕೆ ಬಂದ್ರೆ, ಎನ್‌ಸಿಎಸ್ ಅಂತ ನರಕ್ಕೆ ಚಿಕ್ಕ ಚಿಕ್ಕ ಕರೆಂಟ್ ಕೊಟ್ಟು ಎಲ್ಲಿ ನಿಧಾನ ಆಗ್ತಿದೆ ನೋಡ್ತಾರೆ, ಇಎಂಜಿಯಲ್ಲಿ ಸ್ನಾಯುಗೆ ಸಣ್ಣ ಸೂಜಿ ಹಾಕ್ತಾರೆ, ರಕ್ತ ತೆಳು ಮಾಡೋ ಮಾತ್ರೆ ತಗೋತಿದ್ರೆ, ಪೇಸ್‌ಮೇಕರ್ ಇದ್ರೆ ಮೊದ್ಲೇ ಹೇಳ್ಬೇಕು. ಅಲ್ಟ್ರಾಸೌಂಡ್ ಕಮ್ಮಿ ಖರ್ಚಲ್ಲಿ ಆಗುತ್ತೆ, ಗಂಟು ನರದಿಂದಾನೇ ಹೊರಟಿದ್ಯಾ ಅಂತ ಚೆನ್ನಾಗಿ ಅಭ್ಯಾಸ ಇರೋರು ಅದ್ರಲ್ಲೇ ಹೇಳ್ತಾರೆ. ಎಂಆರ್‌ಐ ಬರೆದ್ರೆ ಯಾವ ಭಾಗದ್ದು ಅಂತ ಚೀಟೀಲಿ ಓದಿ. ಕತ್ತಿನ ಎಂಆರ್‌ಐಯಲ್ಲಿ ರಟ್ಟೆ ಬರಲ್ಲ, ಕಂಕುಳ ಹತ್ರದ ನರಗಳ ಗೊಂಚಲು ನೋಡೋಕೆ ಬ್ರೇಕಿಯಲ್ ಪ್ಲೆಕ್ಸಸ್ ಎಂಆರ್‌ಐ ಅಂತಾನೇ ಬೇರೆ ಇದೆ. ಸ್ಕ್ಯಾನ್ ಮಾಡೋ ಟೆಕ್ನಿಷಿಯನ್‌ಗೆ ಗಂಟಿನ ಜಾಗ ಬೆರಳಿಟ್ಟು ತೋರ್ಸಿ, ಅಕ್ಕಂಗೆ ಅವ್ರು ಗಂಟಿನ ಮೇಲೆ ಒಂದು ವಿಟಮಿನ್ ಇ ಮಾತ್ರೆ ಇಟ್ಟು ಟೇಪ್ ಅಂಟಿಸಿದ್ರು, ಅದು ಚಿತ್ರದಲ್ಲಿ ಬೆಳ್ಳಗೆ ಕಾಣುತ್ತಂತೆ, ಹುಡುಕೋ ಜಾಗ ತಪ್ಪಲ್ಲ. ಕಾಂಟ್ರಾಸ್ಟ್ ಇಂಜೆಕ್ಷನ್ ಇದ್ರೆ ಕಿಡ್ನಿ ಟೆಸ್ಟ್ ಮೊದ್ಲು ಕೇಳ್ತಾರೆ. ಬಳೆ, ಓಲೆ, ತಾಳಿ, ಸೇಫ್ಟಿ ಪಿನ್ ಎಲ್ಲಾ ಮನೇಲೇ ಬಿಚ್ಚಿಟ್ಟು ಹೋಗಿ, ಗಟ್ಟಿ ಬಳೆ ಬಿಚ್ಚೋಕೆ ಅಕ್ಕ ಅಲ್ಲಿ ಅರ್ಧ ಗಂಟೆ ಸೋಪು ನೀರಲ್ಲಿ ಒದ್ದಾಡಿದ್ಲು, ಅದೂ ನೋವಿರೋ ಕೈಯಲ್ಲಿ.

ಇನ್ನು ಕೈ ಮುಗಿದು ಕೇಳ್ಕೊಳ್ಳೋದು: ನರದ ಗಂಟು ಅನ್ನೋ ಅನುಮಾನ ಇದ್ರೆ ಸ್ಕ್ಯಾನ್ ಇಲ್ದೆ ಯಾರೂ ಅದನ್ನ ಕೊಯ್ಯೋಕೆ ಬಿಡ್ಬೇಡಿ. "ಕೊಬ್ಬಿನ ಗಂಟು, ಲೋಕಲ್ ಕೊಟ್ಟು ಹತ್ತು ನಿಮಿಷದಲ್ಲಿ ತೆಗೀತೀನಿ" ಅಂತ ಒಬ್ರು ನಮಗೂ ಹೇಳಿದ್ರು, ನಾವು ಒಪ್ಕೊಂಡಿದ್ರೆ ಗಂಟಿನ ಜೊತೆ ನರಾನೂ ಹೋಗಿ ಅಕ್ಕಂಗೆ ಹೆಬ್ಬೆರಳೇ ಕೆಲಸ ಮಾಡ್ತಿರ್ಲಿಲ್ಲವೋ ಏನೋ. ಸೂಜಿ ಹಾಕಿ ಬಯಾಪ್ಸಿ, ಅಂದ್ರೆ ಪರೀಕ್ಷೆಗೆ ಅಂತ ಗಂಟಿನ ಚೂರು, ತೆಗೆಯೋದೂ ಅಷ್ಟೇ, ಶ್ವಾನೋಮಾ ಆಗಿದ್ರೆ ಸೂಜಿ ನೇರ ನರಕ್ಕೇ ಚುಚ್ಚಬಹುದು, ಕ್ಯಾನ್ಸರ್ ಅನುಮಾನ ಇದ್ರೆ ಬಯಾಪ್ಸಿ ಬೇಕೇ ಬೇಕು ಆದ್ರೆ ಆಪರೇಷನ್ ಮಾಡೋ ತಂಡಾನೇ ಎಲ್ಲಿಂದ ಸೂಜಿ ಹೋಗ್ಬೇಕು ಅಂತ ತೀರ್ಮಾನ ಮಾಡ್ಬೇಕು. ನೀವೋದು, ಕಟ್ಟು ಹಾಕ್ಸೋದು, ಬಿಸಿ ಎಲೆ ಕಟ್ಟೋದು ಗಂಟಿನ ಮೇಲೆ ಬೇಡ.

ಬೆಂಗಳೂರಲ್ಲಿ ಇರೋರಿಗೆ ಒಂದು ಅನುಕೂಲ ಇದೆ. ಡೈರಿ ಸರ್ಕಲ್ ಹತ್ರ ಒಂದೇ ಸುತ್ತಲ್ಲಿ ನಿಮ್ಹಾನ್ಸ್, ಕಿದ್ವಾಯಿ, ರಾಜೀವ್ ಗಾಂಧಿ ಎದೆರೋಗಗಳ ಆಸ್ಪತ್ರೆ, ಸ್ವಲ್ಪ ಮುಂದೆ ಜಯನಗರದ ಕಡೆ ಸಂಜಯ್ ಗಾಂಧಿ ಮೂಳೆ ಆಸ್ಪತ್ರೆ, ಎಲ್ಲಾ ಸರ್ಕಾರದ್ದೇ. ನರದ್ದು ಅಂದ್ರೆ ನಿಮ್ಹಾನ್ಸ್, ಕ್ಯಾನ್ಸರ್ ಅನುಮಾನ ಅಂದ್ರೆ ಕಿದ್ವಾಯಿ. ಬೆಳಗ್ಗೆ ಬೇಗ ಹೋಗಿ, ತಿಂಡಿ ನೀರು ಜೊತೇಲಿರ್ಲಿ, ಇಡೀ ದಿನ ಅಂತ ಅಂದ್ಕೊಂಡೇ ಹೋಗಿ, ಒಬ್ರೇ ಹೋಗ್ಬೇಡಿ. ಬಿಪಿಎಲ್ ಕಾರ್ಡ್ ಇರೋರು ಆಧಾರ್ ಜೊತೆ ಅದನ್ನೂ ತಗೊಂಡು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕೌಂಟರಲ್ಲಿ ಆಪರೇಷನ್ ಡೇಟ್ ಕೊಡೋಕೆ ಮುಂಚೆನೇ ಕೇಳಿ, ರೆಫರಲ್ ಚೀಟಿ ಬೇಕಾ ಅಂತಾನೂ, ಆಮೇಲೆ ಕೇಳಿದ್ರೆ ಓಡಾಟ ಡಬಲ್.

ಆಪರೇಷನ್ ಒಪ್ಕೊಳ್ಳೋ ಮುಂಚೆ ಸರ್ಜನ್‌ನ ಕೇಳ್ಬೇಕಾದ್ದು: ಮೈಕ್ರೋಸ್ಕೋಪ್ ಇಟ್ಕೊಂಡು ಮಾಡ್ತೀರಾ, ಯಾವ ಎಳೆ ಕೆಲಸ ಮಾಡ್ತಿದೆ ಅಂತ ನೋಡೋಕೆ ಸ್ಟಿಮ್ಯುಲೇಟರ್ ಇರುತ್ತಾ, ಎಳೆ ಗಡ್ಡೆಗೆ ಸಿಕ್ಕಾಕ್ಕೊಂಡಿದ್ರೆ ಏನು ಮಾಡ್ತೀರಾ, ಮೊದ್ಲು ಇಂಥವು ಮಾಡಿದೀರಾ. ಒಳ್ಳೆ ಡಾಕ್ಟರ್ ಇದಕ್ಕೆ ಬೇಜಾರು ಮಾಡ್ಕೊಳ್ಳಲ್ಲ. ಗಡ್ಡೆ ಚಿಕ್ಕದಿದ್ದು, ತೊಂದ್ರೆ ಕೊಡದೇ, ಸ್ಕ್ಯಾನಲ್ಲಿ ಶಾಂತವಾಗಿ ಕಂಡ್ರೆ ಸುಮ್ನೆ ಕಾದು ನೋಡೋದೂ ಒಂದು ದಾರಿ, ಅವಸರ ಏನಿಲ್ಲ. ಅಲ್ಲೀತನಕ ನರದ ನೋವಿಗೆ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ಥರದ್ದು ಕೊಡ್ತಾರೆ, ಅದು ಜೋಂಪು ತರುತ್ತೆ, ಗಾಡಿ ಓಡಿಸ್ಬೇಡಿ, ನೋವು ಹೋಯ್ತು ಅಂತ ತಟಕ್ಕನೆ ನಿಲ್ಲಿಸ್ಬೇಡಿ, ಕೇಳಿ ನಿಧಾನಕ್ಕೆ ಇಳಿಸ್ಬೇಕು.

ತೆಗೆದ ಗಡ್ಡೆ ಪೂರ್ತಿ ಪೆಥಾಲಜಿಗೆ, ಅಂದ್ರೆ ಅದನ್ನ ಮೈಕ್ರೋಸ್ಕೋಪಲ್ಲಿ ನೋಡೋ ಲ್ಯಾಬ್‌ಗೆ, ಹೋಗ್ಲೇಬೇಕು, ರಿಪೋರ್ಟ್ ಜೊತೆ ಸ್ಲೈಡ್‌ಗಳನ್ನೂ ಕೇಳಿ ತಗೊಂಡು ಡಬ್ಬಿಯಲ್ಲಿ ಜೋಪಾನ ಮಾಡಿ, ಮುಂದೆ ಬೇರೆ ಆಸ್ಪತ್ರೆಗೆ ಹೋದ್ರೆ ಮೊದ್ಲು ಕೇಳೋದು ಅದನ್ನೇ. ಆಪರೇಷನ್ ಆದ ದಿನದಿಂದಾನೇ ಅಕ್ಕಂಗೆ ಆ ಕರೆಂಟ್ ಹೊಡೆಯೋದು ನಿಂತೋಯ್ತು, ಆದ್ರೆ ಹೆಬ್ಬೆರಳು ತೋರುಬೆರಳ ತುದಿ ಮೊದಲಿಗಿಂತ ಜಾಸ್ತಿ ಮರಗಟ್ಟಿತ್ತು, ನಾವೆಲ್ಲಾ ಹೆದ್ರಿದ್ವಿ. ಕೆಲವು ಎಳೆಗೆ ಪೆಟ್ಟಾಗಿದೆ, ನರ ದಿನಕ್ಕೆ ಹೆಚ್ಚು ಕಮ್ಮಿ ಒಂದು ಮಿಲಿಮೀಟರ್ ಚಿಗುರುತ್ತೆ, ತಿಂಗಳಿಗೆ ಒಂದು ಇಂಚು ಅಂತ ಲೆಕ್ಕ ಇಟ್ಕೊಳ್ಳಿ ಅಂದ್ರು. ಮರಗಟ್ಟಿರೋ ಬೆರಳಿಗೆ ಬಿಸಿ ಪಾತ್ರೆ, ಇಸ್ತ್ರಿ ಪೆಟ್ಟಿಗೆ ತಗುಲಿದ್ರೂ ಗೊತ್ತಾಗಲ್ಲ, ಅಷ್ಟು ದಿನ ಇಸ್ತ್ರಿ ನಾವೇ ಮಾಡಿದ್ವಿ. ಚಿಗುರ್ತಿರೋ ತುದಿ ಎಲ್ಲಿದ್ಯೋ ಅಲ್ಲಿ ತಟ್ಟಿದ್ರೆ ಜುಂ ಅನ್ನುತ್ತೆ, ವಾರ ವಾರಕ್ಕೂ ಆ ಜಾಗ ಬೆರಳ ಕಡೆ ಇಳೀತಾ ಬರುತ್ತೆ. ಅಕ್ಕ ಪ್ರತಿ ಭಾನುವಾರ ಮೊಣಕೈಯಿಂದ ಕೆಳಗೆ ಮೆಲ್ಲಗೆ ತಟ್ಕೊಂಡು ಬಂದು, ಜುಂ ಅಂದ ಜಾಗಕ್ಕೆ ಮಾರ್ಕಿಂಗ್ ಚಾಕಲ್ಲಿ ಗೆರೆ ಹಾಕಿ, ಅದೇ ಅಳತೆ ಟೇಪಲ್ಲಿ ಮೊಣಕೈ ಮಡಿಕೆಯಿಂದ ಅಳೆದು, ಕಸ್ಟಮರ್ ಅಳತೆ ಬರೆಯೋ ಬುಕ್ಕಿನ ಕೊನೇ ಹಾಳೆಯಲ್ಲಿ ತಾರೀಕು ಹಾಕಿ ಬರೀತಾಳೆ. ಚೆಕಪ್‌ಗೆ ಹೋದಾಗ ಡಾಕ್ಟರ್ ಮೊದ್ಲು ಆ ಹಾಳೇನೇ ಕೇಳ್ತಾರೆ. ಹತ್ತು ತಿಂಗಳಾಯ್ತು, ಹೋದ ಭಾನುವಾರ ಒಂಬತ್ತೂವರೆ ಇಂಚು ಅಂತ ಬರ್ದಿದಾಳೆ, ಮಣಿಕಟ್ಟಿನ ಗೆರೆ ಹತ್ರ.